ಕಾಲ ಅನ್ನೋದೇ ಇಲ್ಲ ಅಂತ ಭೌತಶಾಸ್ತ್ರ ಹೇಳುತ್ತಾ? ನಿಜವಾಗಿ ಏನು ಬದಲಾಯ್ತು ಅಂತ ಗೊತ್ತಿರೋರು ಬಿಡಿಸಿ ಹೇಳಿ

ಕುತೂಹಲಿ

ಎಲ್ರಿಗೂ ನಮಸ್ಕಾರ. ಯಾವ ಸೈನ್ಸ್ ವಿಡಿಯೋ ನೋಡಿದ್ರೂ ಕೊನೇಲಿ "ಕಾಲ ಅನ್ನೋದು ಬರೀ ಭ್ರಮೆ, ಐನ್‌ಸ್ಟೈನ್ ಯಾವತ್ತೋ ತೋರಿಸಿಬಿಟ್ರು" ಅಂತ ಹೇಳಿ ಮುಗಿಸ್ತಾರೆ. ಇನ್ನೊಂದ್ ಕಡೆ ಅದೇ ಭೌತಶಾಸ್ತ್ರದವ್ರು ಒಂದು ಸೆಕೆಂಡ್ ಅಂದ್ರೆ ಸೀಸಿಯಂ ಪರಮಾಣುವಿನ ವಿಕಿರಣದ 9,192,631,770 ಆವರ್ತಗಳು ಅಂತ 1967ರಲ್ಲಿ ತೀರ್ಮಾನ ಮಾಡ್ಕೊಂಡು ಅಷ್ಟು ಕರಾರುವಾಕ್ಕಾಗಿ ಅಳೀತಾ ಇದಾರೆ. ಇಲ್ಲದೇ ಇರೋದನ್ನ ಹಿಂಗೆ ಅಳೆಯೋಕಾಗುತ್ತಾ? ನಂಗೆ ಈ ಎರಡೂ ಒಂದಕ್ಕೊಂದು ತಾಳೆ ಆಗ್ತಾನೇ ಇಲ್ಲ.

ಸಾಪೇಕ್ಷತಾ ಸಿದ್ಧಾಂತದಿಂದ ನಿಜವಾಗಿ ಯಾವ ನಂಬಿಕೆ ಬಿದ್ದೋಯ್ತು, ಯಾವುದು ಉಳೀತು, ಇದೆಲ್ಲಾ ಲೆಕ್ಕದಲ್ಲಿ ಮಾತ್ರ ಇದ್ಯಾ ಅಥವಾ ಯಾರಾದ್ರೂ ಗಡಿಯಾರ ಇಟ್ಟು ನೋಡಿದಾರಾ, ಆಮೇಲೆ ಕಾಲ ಯಾಕೆ ಮುಂದಕ್ಕೆ ಮಾತ್ರ ಹೋಗುತ್ತೆ, ಇಷ್ಟು ತಿಳ್ಕೋಬೇಕು. ಸ್ವಲ್ಪ ಗಣಿತ ಹಾಕಿದ್ರೂ ಪರವಾಗಿಲ್ಲ, ನಿಧಾನಕ್ಕೆ ಓದ್ತೀನಿ.

ಬೆಳಕಿನಬೆನ್ನತ್ತಿ

ಭ್ರಮೆ ಅನ್ನೋ ಮಾತನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಬಿದ್ದಿದ್ದೇನು ಅಂತ ಮೊದ್ಲು ನೋಡೋಣ.

ನ್ಯೂಟನ್ 1687ರ ಪ್ರಿನ್ಸಿಪಿಯಾದಲ್ಲಿ ಇಟ್ಕೊಂಡಿದ್ದ ಕಾಲ ಹೊರಗಿನ ಯಾವುದರ ಹಂಗೂ ಇಲ್ದೆ ಎಲ್ಲಾ ಕಡೆ ಒಂದೇ ಸಮ ಹರಿಯೋದು. ಅದ್ರೊಳಗೆ ಎರಡು ನಂಬಿಕೆ ಸೇರ್ಕೊಂಡಿವೆ. ಎರಡು ಘಟನೆಗಳ ಮಧ್ಯೆ ಎಷ್ಟು ಹೊತ್ತು ಕಳೀತು ಅಂತ ಕೇಳಿದ್ರೆ ಇಡೀ ವಿಶ್ವಕ್ಕೆ ಒಂದೇ ಉತ್ತರ ಇದೆ ಅನ್ನೋದು ಒಂದು. "ಈಗ" ಅಂದ್ರೆ ಇಲ್ಲೂ ಈಗ, ಎಷ್ಟೋ ದೂರದ ನಕ್ಷತ್ರದಲ್ಲೂ ಅದೇ ಈಗ ಅನ್ನೋದು ಇನ್ನೊಂದು. ಲೈಬ್ನಿಟ್ಸ್ ತರದವ್ರು ತಕರಾರು ತೆಗೆದಿದ್ರು, ಆದ್ರೂ ಇನ್ನೂರು ವರ್ಷ ಲೆಕ್ಕ ನಡೆದಿದ್ದು ನ್ಯೂಟನ್ ಕಾಲದ ಮೇಲೇನೇ.

ತೊಡಕು ಶುರುವಾಗಿದ್ದು ಬೆಳಕಿನಿಂದ. 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಬೆಳಕಿಗೆ ಒಂದು ನಿಗದಿ ವೇಗ ಸಿಕ್ತು, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಯಾರಿಗೆ ಹೋಲಿಸಿದ್ರೆ ಇಷ್ಟು ವೇಗ ಅಂತ ಸಮೀಕರಣ ಹೇಳೋದೇ ಇಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡ್ತಾ ಇದೆ, ಹಾಗಾಗಿ ಓಡೋ ದಿಕ್ಕಿಗೂ ಅಡ್ಡ ದಿಕ್ಕಿಗೂ ಬೆಳಕಿನ ವೇಗದಲ್ಲಿ ವ್ಯತ್ಯಾಸ ಸಿಗ್ಬೇಕಿತ್ತು, 1887ರಲ್ಲಿ ಮೈಕೆಲ್ಸನ್ ಮತ್ತೆ ಮಾರ್ಲೆ ಹುಡುಕಿದ್ರು, ಸಿಗ್ಲಿಲ್ಲ. ಲೊರೆಂಟ್ಸ್ ಲೆಕ್ಕದ ಅನುಕೂಲಕ್ಕೆ "ಸ್ಥಳೀಯ ಕಾಲ" ಅಂತ ಒಂದನ್ನ ತಂದ್ರು. ದೂರದೂರದ ಎರಡು ಘಟನೆ ಒಂದೇ ಹೊತ್ತಿಗೆ ಆದ್ವು ಅಂತ ನೇರವಾಗಿ ತಿಳಿಯೋ ಶಕ್ತಿ ನಮಗಿಲ್ಲ, ಅದು ನಾವು ಮಾಡ್ಕೊಳ್ಳೋ ಒಪ್ಪಂದ ಅಂತ ಪಾಯಿಂಕಾರೆ 1898ರಲ್ಲೇ ಬರೆದಿದ್ರು. ಅಂದ್ರೆ ಬಾಗಿಲ ತನಕ ಬಹಳ ಜನ ಬಂದಿದ್ರು. ಒಳಗೆ ಹೆಜ್ಜೆ ಇಟ್ಟಿದ್ದು 1905ರಲ್ಲಿ ಬರ್ನ್ ಪೇಟೆಂಟ್ ಆಫೀಸಲ್ಲಿ ಕೆಲಸ ಮಾಡ್ತಿದ್ದ ಐನ್‌ಸ್ಟೈನ್. ಬೆಳಕಿನ ವೇಗ ಎಲ್ರಿಗೂ ಒಂದೇ ಅಂತ ಒಪ್ಕೊಂಡ್ರೆ ಎಲ್ರಿಗೂ ಒಂದೇ "ಈಗ" ಅನ್ನೋದನ್ನ ಬಿಡ್ಲೇಬೇಕು, ಎರಡನ್ನೂ ಇಟ್ಕೊಳ್ಳೋಕೆ ಆಗಲ್ಲ.

ಹೇಗೆ ಅಂದ್ರೆ, ಉದ್ದದ ಒಂದು ನೌಕೆ ಅಂದ್ಕೊಳ್ಳಿ, ಸರಿಯಾಗಿ ಮಧ್ಯದಲ್ಲಿ ಒಂದು ದೀಪ ಮಿಂಚುತ್ತೆ. ನೌಕೆ ಒಳಗಿರೋರಿಗೆ ಬೆಳಕು ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ಒಂದೇ ಕ್ಷಣದಲ್ಲಿ ತಾಗುತ್ತೆ, ಯಾಕಂದ್ರೆ ದೂರ ಒಂದೇ ವೇಗನೂ ಒಂದೇ. ಹೊರಗೆ ನಿಂತೋರಿಗೆ ಹಿಂದಿನ ಗೋಡೆ ಬೆಳಕಿನ ಎದುರಿಗೆ ಬರ್ತಿದೆ, ಮುಂದಿನ ಗೋಡೆ ಓಡಿ ಹೋಗ್ತಿದೆ, ಬೆಳಕಿನ ವೇಗ ಮಾತ್ರ ಎರಡೂ ಕಡೆ ಅಷ್ಟೇ, ಹಾಗಾಗಿ ಹಿಂದಿನ ಗೋಡೆಗೆ ಮೊದ್ಲು ತಾಗುತ್ತೆ. ಇಬ್ರ ಲೆಕ್ಕನೂ ಸರಿ, ಯಾರದ್ದು ಅಸಲಿ ಅಂತ ತೀರ್ಪು ಕೊಡೋಕೆ ಮೂರನೆಯವ್ರು ಯಾರೂ ಇಲ್ಲ.

ಸಂದೇಹಿ

ಇದು ಬರೇ ಬೆಳಕು ತಡವಾಗಿ ಬಂದು ಮುಟ್ಟೋದ್ರಿಂದ ಆಗೋ ಗೊಂದಲ ಅಲ್ಲೇನ್ರೀ? ದೂರದ ಸಿಡಿಲು ಮೊದ್ಲು ಕಾಣ್ತದ, ಸದ್ದು ಆಮ್ಯಾಲೆ ಕೇಳ್ತದ, ಹಂಗಂತ ಸಿಡಿಲಿಗೆ ಎರಡು ಕಾಲ ಅದಾವು ಅಂತ ಯಾರೂ ಅನ್ನಂಗಿಲ್ಲ.

ಬೆಳಕಿನಬೆನ್ನತ್ತಿ

ಅಲ್ಲ ಸರ್. ಬೆಳಕು ಬರೋಕೆ ಹಿಡಿದ ಹೊತ್ತನ್ನ ಇಬ್ರೂ ಸರಿಯಾಗಿ ಕಳೆದು ಹಾಕಿದ ಮೇಲೂ ಉಳಿಯೋ ವ್ಯತ್ಯಾಸ ಇದು. ಕಾಣೋದು ಬೇರೆ, ಆಗೋದು ಬೇರೆ. ಸಾಪೇಕ್ಷತೆ ಮಾತಾಡೋದು ಆಗೋದರ ಬಗ್ಗೆ. ಇದನ್ನ ನೋಡೋಕೆ ಅತಿ ಒಳ್ಳೆ ಉದಾಹರಣೆ ಅವಳಿಗಳದ್ದು, ಆದ್ರೆ ಸಾಮಾನ್ಯವಾಗಿ "ಹೋದವ್ರು ಚಿಕ್ಕವ್ರಾಗಿ ಬರ್ತಾರೆ" ಅಂತ ಒಂದು ಸಾಲಲ್ಲಿ ಮುಗಿಸ್ಬಿಡ್ತಾರೆ. ಅಂಕಿ ಹಾಕಿ ನೋಡೋಣ.

ಅಕ್ಕ ತಂಗಿ ಅವಳಿ ಅಂದ್ಕೊಳ್ಳಿ. ಅಕ್ಕ ಭೂಮಿಲೇ ಇರ್ತಾಳೆ. ತಂಗಿ ಬೆಳಕಿನ ವೇಗದ 80 ಪರ್ಸೆಂಟಲ್ಲಿ 4 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ಹೋಗಿ, ತಕ್ಷಣ ತಿರುಗಿ ಅದೇ ವೇಗದಲ್ಲಿ ಬರ್ತಾಳೆ. ಅಕ್ಕನ ಲೆಕ್ಕಕ್ಕೆ ಹೋಗೋಕೆ 5 ವರ್ಷ, ಬರೋಕೆ 5 ವರ್ಷ. ತಂಗಿಯ ಗಡಿಯಾರದಲ್ಲಿ ಎಷ್ಟು? 5ರ ವರ್ಗದಿಂದ 4ರ ವರ್ಗ ಕಳೀರಿ, 25 ಮೈನಸ್ 16, ಅಂದ್ರೆ 9, ಅದರ ವರ್ಗಮೂಲ 3. ಹೋಗ್ತಾ 3 ವರ್ಷ, ಬರ್ತಾ 3 ವರ್ಷ, ಒಟ್ಟು 6. 1908ರಲ್ಲಿ ಮಿಂಕೋವ್‌ಸ್ಕಿ ಕೊಟ್ಟ ಜ್ಯಾಮಿತಿ ಇಷ್ಟೇ, ಪೈಥಾಗೊರಸ್ ಥರಾನೇ ಆದ್ರೆ ಕೂಡೋ ಜಾಗದಲ್ಲಿ ಕಳೀಬೇಕು.

ಈಗ ಇಬ್ರೂ ತಮ್ ತಮ್ಮ ಹುಟ್ಟುಹಬ್ಬಕ್ಕೆ ವರ್ಷಕ್ಕೊಂದು ಬೆಳಕಿನ ಮಿಂಚು ಕಳಿಸ್ತಾರೆ ಅನ್ನಿ. ತಂಗಿ ದೂರ ಹೋಗ್ತಿರೋವಾಗ ಅವಳ ಮಿಂಚು ಅಕ್ಕಂಗೆ 3 ವರ್ಷಕ್ಕೊಂದು ಸಿಗುತ್ತೆ. ತಂಗಿ ತಿರುಗಿದ್ದು ಅಕ್ಕನ ಲೆಕ್ಕದಲ್ಲಿ 5ನೇ ವರ್ಷ, ಆದ್ರೆ ಆ ಸುದ್ದಿ ಬರೋಕೆ ಇನ್ನೂ 4 ವರ್ಷ ಬೇಕು, ಅಂದ್ರೆ 9ನೇ ವರ್ಷದ ತನಕ ಅಕ್ಕಂಗೆ ಬರೀ 3 ಮಿಂಚು. ಕೊನೇ ಒಂದೇ ವರ್ಷದಲ್ಲಿ ಉಳಿದ 3 ಮಿಂಚು ಸರಸರ ಬಂದ್ಬಿಡ್ತವೆ. ಒಟ್ಟು 6. ತಂಗಿ ಕಡೆಯಿಂದ ನೋಡಿದ್ರೆ ಹೋಗ್ತಾ ಅವಳ 3 ವರ್ಷದಲ್ಲಿ ಅಕ್ಕನ ಮಿಂಚು 1 ಮಾತ್ರ, ತಿರುಗಿದ ಕ್ಷಣದಿಂದಾನೇ ವರ್ಷಕ್ಕೆ 3, ಬರೋ 3 ವರ್ಷದಲ್ಲಿ 9. ಒಟ್ಟು 10. ಮನೆಗೆ ಬಂದಾಗ ತಂಗಿಗೆ 6 ವರ್ಷ ಕಳೆದಿದೆ, ಅಕ್ಕಂಗೆ 10, ಇಬ್ರೂ ಎಣಿಸಿದ ಮಿಂಚು ಅದನ್ನೇ ಹೇಳ್ತಿವೆ. ಇದ್ರಲ್ಲಿ ಗೊಂದಲಕ್ಕೆ ಜಾಗ ಎಲ್ಲಿದೆ? ಎಣಿಸಿದ್ದು ಎಣಿಸಿದ್ದೇ.

ನಂಗೆ ಈ ಲೆಕ್ಕ ಯಾಕಿಷ್ಟು ಇಷ್ಟ ಅಂದ್ರೆ, ಹೋಗೋ ದಾರೀಲಿ ಇಬ್ರಿಗೂ ಇನ್ನೊಬ್ರು ನಿಧಾನ, ಬರೋ ದಾರೀಲಿ ಇಬ್ರಿಗೂ ಇನ್ನೊಬ್ರು ಜೋರು, ಅಷ್ಟರ ಮಟ್ಟಿಗೆ ಪೂರ್ತಿ ಸಮ. ವ್ಯತ್ಯಾಸ ಇರೋದು ಬದಲಾವಣೆ ಯಾವಾಗ ಗೊತ್ತಾಗುತ್ತೆ ಅನ್ನೋದ್ರಲ್ಲಿ ಮಾತ್ರ. ತಿರುಗಿದವಳಿಗೆ ಅರ್ಧ ದಾರೀಲೇ ಗೊತ್ತಾಗುತ್ತೆ, ತಿರುಗದೇ ಇದ್ದವಳಿಗೆ ಸುದ್ದಿ ಬರೋ ತನಕ ಗೊತ್ತಾಗಲ್ಲ.

ಹಳೇಓದುಗ

ಹಾಗಾದ್ರೆ ವೇಗ ಬದಲಿಸಿದಾಗ ಆಗೋ ಜಗ್ಗಾಟ, ಅಂದ್ರೆ ವೇಗೋತ್ಕರ್ಷವೇ ಗಡಿಯಾರನ ನಿಧಾನ ಮಾಡಿದ್ದು ಅಂತಾನಾ? ಬಹಳ ಕಡೆ ಹಾಗೇ ಬರೆದಿರ್ತಾರೆ.

ಸೀಸಿಯಂ133

ಅಲ್ಲ, ಅದನ್ನ ಪ್ರಯೋಗದಲ್ಲೇ ಬೇರ್ಪಡಿಸಿ ನೋಡಿದಾರೆ. ಮ್ಯುಯಾನ್ ಅಂತ ಒಂದು ಕಣ, ಸುಮ್ನೆ ಇಟ್ರೆ ಸರಾಸರಿ 2.2 ಮೈಕ್ರೋಸೆಕೆಂಡಲ್ಲಿ ಒಡೆದು ಹೋಗುತ್ತೆ. ಸರ್ನ್ ಪ್ರಯೋಗಾಲಯದ ಉಂಗುರದಲ್ಲಿ ಅವನ್ನ ಬೆಳಕಿನ ವೇಗಕ್ಕೆ ತೀರ ಹತ್ತಿರದಲ್ಲಿ ಸುತ್ತಿಸಿದಾಗ ಆಯಸ್ಸು ಸುಮಾರು 64 ಮೈಕ್ರೋಸೆಕೆಂಡ್ ಆಯ್ತು, 29 ಪಟ್ಟು, 1977ರಲ್ಲಿ ಪ್ರಕಟವಾದ ಫಲಿತಾಂಶ. ಆ ಸಣ್ಣ ಉಂಗುರದಲ್ಲಿ ತಿರುಗ್ತಿರೋ ಮ್ಯುಯಾನ್ ಮೇಲಿನ ವೇಗೋತ್ಕರ್ಷ ಭೂಮಿ ಗುರುತ್ವದ 10ರ ಘಾತ 18 ಪಟ್ಟು. ಅಷ್ಟಿದ್ರೂ ಆಯಸ್ಸು ಹೆಚ್ಚಿದ್ದು ವೇಗದ ಸೂತ್ರ ಹೇಳಿದಷ್ಟೇ, ವೇಗೋತ್ಕರ್ಷದಿಂದ ಬೇರೆ ಏನೂ ಸೇರ್ಕೊಂಡಿಲ್ಲ. ಗಡಿಯಾರ ತೋರ್ಸೋದು ತಾನು ಹಾದು ಬಂದ ದಾರಿಯ ಉದ್ದವನ್ನ, ಎರಡು ದಾರಿ ಬೇರೆ ಬೇರೆ ಆದ್ರೆ ಉದ್ದನೂ ಬೇರೆ.

ಮೂಲ ಪ್ರಶ್ನೇಲಿ ಗಡಿಯಾರ ಇಟ್ಟು ನೋಡಿದಾರಾ ಅಂತ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ, ಇದು ನನ್ನ ಮೆಚ್ಚಿನ ಭಾಗ. 1971ರ ಅಕ್ಟೋಬರಲ್ಲಿ ಹಾಫೆಲೆ ಮತ್ತೆ ಕೀಟಿಂಗ್ ನಾಲ್ಕು ಸೀಸಿಯಂ ಗಡಿಯಾರಗಳನ್ನ ಸಾಮಾನ್ಯ ಪ್ರಯಾಣಿಕರ ವಿಮಾನಗಳಲ್ಲೇ ಪ್ರಪಂಚ ಸುತ್ತಿಸಿದ್ರು, ಒಂದ್ಸಲ ಪೂರ್ವಕ್ಕೆ, ಇನ್ನೊಂದ್ಸಲ ಪಶ್ಚಿಮಕ್ಕೆ. ಪೂರ್ವಕ್ಕೆ ಹೋದಾಗ ಗಡಿಯಾರ ನೆಲದ ಮೇಲಿನ ಗಡಿಯಾರಕ್ಕಿಂತ 59 ನ್ಯಾನೋಸೆಕೆಂಡ್ ಹಿಂದೆ ಬಿತ್ತು, ಪಶ್ಚಿಮಕ್ಕೆ ಹೋದಾಗ 273 ನ್ಯಾನೋಸೆಕೆಂಡ್ ಮುಂದೆ ಹೋಯ್ತು. ಭೂಮಿ ಪೂರ್ವಕ್ಕೆ ತಿರುಗ್ತಿರೋದ್ರಿಂದ ಪೂರ್ವಕ್ಕೆ ಹಾರೋ ವಿಮಾನಕ್ಕೆ ಒಟ್ಟು ವೇಗ ಜಾಸ್ತಿ, ಅದಕ್ಕೇ ಈ ವ್ಯತ್ಯಾಸ. ಜೊತೆಗೆ ಮೇಲೆ ಗುರುತ್ವ ಕಮ್ಮಿ ಇರೋದ್ರಿಂದ ಎರಡೂ ದಿಕ್ಕಲ್ಲೂ ಗಡಿಯಾರ ಒಂಚೂರು ಜೋರಾಗಿ ಓಡುತ್ತೆ. ಎರಡನ್ನೂ ಸೇರಿಸಿ ಮಾಡಿದ ಲೆಕ್ಕ ಪೂರ್ವಕ್ಕೆ ಮೈನಸ್ 40, ಪಶ್ಚಿಮಕ್ಕೆ ಪ್ಲಸ್ 275, ಅನಿಶ್ಚಿತತೆ ಇಪ್ಪತ್ತರ ಆಸುಪಾಸು. ತಾಳೆ ಆಯ್ತು.

ಗುರುತ್ವದ ಭಾಗವನ್ನ ಅದಕ್ಕೂ ಮುಂಚೆ, 1960ರ ಹೊತ್ತಿಗೇ ಪೌಂಡ್ ಮತ್ತೆ ರೆಬ್ಕಾ ಹಾರ್ವರ್ಡ್‌ನ ಒಂದು ಗೋಪುರದಲ್ಲಿ 22.5 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಅಳೆದಿದ್ರು. 2010ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆಯವ್ರು 33 ಸೆಂಟಿಮೀಟರ್‌ಗೆ ತಂದ್ರು. 2022ರಲ್ಲಿ ಪ್ರಕಟವಾದ ಕೆಲಸದಲ್ಲಿ ಒಂದೇ ಒಂದು ಮಿಲಿಮೀಟರ್ ಎತ್ತರದ ಪರಮಾಣು ಗುಂಪಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಕಾಲದ ದರ ಬೇರೆ ಅಂತ ತೋರಿಸಿದ್ರು. ಅಂದ್ರೆ ನೀವು ನಿಂತಿರೋವಾಗ ನಿಮ್ಮ ತಲೆ ಪಾದಕ್ಕಿಂತ ಬೇಗ ವಯಸ್ಸಾಗ್ತಿದೆ. ಇದು ಬಾಯಿಮಾತಲ್ಲ, ಅಳತೆಗೆ ಸಿಗೋ ಸಂಗತಿ.

ಕುತೂಹಲಿ

ಅಬ್ಬಾ, ಒಂದು ಮಿಲಿಮೀಟರ್! ಜಿಪಿಎಸ್ ಬಗ್ಗೆ ಎಲ್ರೂ ಹೇಳ್ತಾರಲ್ಲ, ಸಾಪೇಕ್ಷತೆ ಇಲ್ದಿದ್ರೆ ದಿನಕ್ಕೆ 11 ಕಿಲೋಮೀಟರ್ ತಪ್ಪು ತೋರ್ಸುತ್ತೆ ಅಂತ, ಅದು ನಿಜಾನಾ?

ಸೀಸಿಯಂ133

ಅರ್ಧ ನಿಜ, ಸ್ವಲ್ಪ ಬಿಡಿಸಿ ಹೇಳ್ಬೇಕು. ಉಪಗ್ರಹ ಇರೋದು 20,200 ಕಿಲೋಮೀಟರ್ ಎತ್ತರದಲ್ಲಿ. ವೇಗದಿಂದ ಅದರ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತೆ, ಗುರುತ್ವ ಕಮ್ಮಿ ಇರೋದ್ರಿಂದ ಸುಮಾರು 45 ಮುಂದೆ ಹೋಗುತ್ತೆ, ಕೂಡಿ ಕಳೆದ್ರೆ 38 ಮೈಕ್ರೋಸೆಕೆಂಡ್ ಮುಂದೆ. ಅಷ್ಟು ಹೊತ್ತಲ್ಲಿ ಬೆಳಕು 11 ಕಿಲೋಮೀಟರ್ ಹೋಗುತ್ತೆ, ಆ ಅಂಕಿ ಬಂದಿದ್ದು ಅಲ್ಲಿಂದ. ಆದ್ರೆ ಎಲ್ಲಾ ಉಪಗ್ರಹಗಳ ಗಡಿಯಾರನೂ ಒಂದೇ ಸಮ ಮುಂದೆ ಹೋದ್ರೆ, ರಿಸೀವರ್ (ನಿಮ್ಮ ಫೋನಿನ ಥರದ್ದು) ಸ್ಥಾನದ ಮೂರು ಅಂಕಿ ಜೊತೆ ತನ್ನ ಗಡಿಯಾರದ ತಪ್ಪನ್ನೂ ನಾಲ್ಕನೇ ಅಜ್ಞಾತ ಅಂತ ಬಿಡಿಸ್ಕೊಳ್ಳೋದ್ರಿಂದ ಅದ್ರ ಬಹುಪಾಲು ಅಲ್ಲೇ ಕರಗಿ ಹೋಗುತ್ತೆ. ಹಾಗಂತ ಸಾಪೇಕ್ಷತೆ ಬೇಡ ಅಂತಲ್ಲ, ಉಪಗ್ರಹದ ಗಡಿಯಾರ ನೆಲದ ಸಮಯಕ್ಕೆ ಹೊಂದ್ಲೇಬೇಕು, ಕಕ್ಷೆ ಪೂರ್ತಿ ವೃತ್ತ ಅಲ್ದೇ ಇರೋದ್ರಿಂದ ಒಂದೊಂದು ಉಪಗ್ರಹಕ್ಕೆ ಒಂದೊಂದು ತಿದ್ದುಪಡಿ ಬೇರೆ ಬೇಕು. ನೆಲದ ಸಮಯಕ್ಕೆ ಹೊಂದ್ಲಿ ಅಂತ ಗಡಿಯಾರವನ್ನ 10.23 ಮೆಗಾಹರ್ಟ್ಸ್ ಬದಲು 10.22999999543 ಮೆಗಾಹರ್ಟ್ಸ್‌ಗೆ ಇಟ್ಟು ಮೇಲೆ ಕಳಿಸ್ತಾರೆ.

ಇದ್ರಲ್ಲಿ ಚೆಂದದ ಘಟನೆ ಒಂದಿದೆ. 1977ರಲ್ಲಿ ಹಾರಿಸಿದ ಎನ್‌ಟಿಎಸ್-2 ಅನ್ನೋ ಪರೀಕ್ಷಾ ಉಪಗ್ರಹದಲ್ಲಿ ಈ ತಿದ್ದುಪಡಿ ಮಾಡೋ ಸಾಧನ ಇಟ್ಟಿದ್ರು, ಆದ್ರೆ ಬೇಕೋ ಬೇಡ್ವೋ ಅಂತ ನೋಡೋಕೆ ಮೊದ್ಲು ಆಫ್ ಮಾಡಿ ಸುಮಾರು 20 ದಿನ ಓಡಿಸಿದ್ರು. ಗಡಿಯಾರ ಲಕ್ಷ ಕೋಟಿಗೆ 442.5 ಭಾಗ ಜೋರಾಗಿ ಓಡ್ತು. ಸಿದ್ಧಾಂತ ಹೇಳಿದ್ದು 446.5. ಆಮೇಲೆ ಆನ್ ಮಾಡಿದ್ರು.

ಬೆಳಕಿನಬೆನ್ನತ್ತಿ

ಸೀಸಿಯಂ ಸರ್ ಹೇಳಿದ್ರಲ್ಲ ಎತ್ತರ ಹೋದಷ್ಟೂ ಕಾಲ ಜೋರು ಅಂತ, ಅದನ್ನ ಜನ ಗುರುತ್ವದ ಒಂದು ಸಣ್ಣ ಉಪಪರಿಣಾಮ ಅಂತ ಅಂದ್ಕೊಳ್ತಾರೆ. ತಿರುಗಿಸಿ ನೋಡಿ. 1915ರ ಸಾಮಾನ್ಯ ಸಾಪೇಕ್ಷತೆ ಪ್ರಕಾರ ನಮ್ಮ ಸುತ್ತಮುತ್ತ ವಸ್ತುಗಳು ಕೆಳಗೆ ಬೀಳೋದಕ್ಕೇ ಇದು ಕಾರಣ.

ಒಂದು ಕಲ್ಲನ್ನ ನೇರ ಮೇಲಕ್ಕೆ ಎಸೀರಿ, ಸರಿಯಾಗಿ 2 ಸೆಕೆಂಡಿಗೆ ಕೈಗೆ ವಾಪಸ್ ಬರೋ ಹಾಗೆ. ಅದು ಸುಮಾರು 5 ಮೀಟರ್ ಮೇಲೆ ಹೋಗಿ ಬರುತ್ತೆ. ಯಾಕೆ 5, ಯಾಕೆ 1 ಅಲ್ಲ ಯಾಕೆ 50 ಅಲ್ಲ? ಕಲ್ಲಿಗೆ ಒಂದು ಗಡಿಯಾರ ಕಟ್ಟಿದೀವಿ ಅಂದ್ಕೊಳ್ಳಿ. ಮೇಲೆ ಹೋದಷ್ಟೂ ಗಡಿಯಾರ ಜೋರಾಗಿ ಓಡುತ್ತೆ, ಲಾಭ. ಆದ್ರೆ 2 ಸೆಕೆಂಡೊಳಗೆ ಜಾಸ್ತಿ ಎತ್ತರ ಹೋಗಿ ಬರ್ಬೇಕು ಅಂದ್ರೆ ಜೋರಾಗಿ ಚಲಿಸ್ಬೇಕು, ಚಲಿಸಿದಷ್ಟೂ ಗಡಿಯಾರ ನಿಧಾನ, ನಷ್ಟ. ಈ ಲಾಭ ನಷ್ಟ ತೂಗಿಸಿ ಆ 2 ಸೆಕೆಂಡಲ್ಲಿ ಅತಿ ಹೆಚ್ಚು ಕಾಲ ಕಲ್ಲಿನ ಗಡಿಯಾರದಲ್ಲಿ ದಾಖಲಾಗೋ ದಾರಿ ಯಾವುದು ಅಂತ ಲೆಕ್ಕ ಹಾಕಿದ್ರೆ ಬರೋದು ಸರಿಯಾಗಿ ಆ 5 ಮೀಟರ್ ದಾರೀನೇ. ಕಲ್ಲನ್ನ ಯಾವುದೋ ಬಲ ಎಳೀತಿಲ್ಲ, ಕಾಲ ಎಲ್ಲಾ ಕಡೆ ಒಂದೇ ದರದಲ್ಲಿ ಇಲ್ದೇ ಇರೋ ಜಾಗದಲ್ಲಿ ಅದು ತನ್ನ ಪಾಡಿಗೆ ಹೋಗ್ತಿದೆ. ಇದನ್ನ ಮೊದಲ ಸಲ ಅರ್ಥ ಮಾಡ್ಕೊಂಡೋರಿಗೆ ಬೀಳೋ ಯಾವ ವಸ್ತುನ ನೋಡಿದ್ರೂ ಬೇರೆ ಥರಾನೇ ಕಾಣುತ್ತೆ.

ಇದೇ ಲೆಕ್ಕದಿಂದ ಭೂಮಿಯ ನಡು ಅದರ ಮೇಲ್ಮೈಗಿಂತ ಸುಮಾರು ಎರಡೂವರೆ ವರ್ಷ ಚಿಕ್ಕದು ಅಂತಾನೂ ಬರುತ್ತೆ, ಭೂಮಿ ಹುಟ್ಟಿದಾಗಿನಿಂದ ಅಷ್ಟು ವ್ಯತ್ಯಾಸ ಸೇರಿದೆ.

ಹಳೇಓದುಗ

ಗಡಿಯಾರದ ವಿಷ್ಯ ಒಪ್ಪಿದೆ. ನನ್ನ ತಕರಾರು ಅಲ್ಲಿಂದ ಮುಂದಕ್ಕೆ ಜಿಗಿಯೋರ ಮೇಲೆ. ಎಲ್ರಿಗೂ ಒಂದೇ ಈಗ ಇಲ್ಲ, ಆದ್ದರಿಂದ ಭೂತ ವರ್ತಮಾನ ಭವಿಷ್ಯ ಎಲ್ಲಾ ಮೊದ್ಲೇ ಹಾಸಿಟ್ಟಿದೆ, ಏನೂ ಆಗ್ತಾನೇ ಇಲ್ಲ ಅಂತಾರಲ್ಲ, ಆ ಜಿಗಿತ.

ಅವರ ಬಲವಾದ ವಾದ ಆಂಡ್ರೊಮಿಡಾದ್ದು. ಆ ಗೆಲಾಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ನೀವು ಸುಮ್ನೆ ನಿಂತಿದೀರಿ, ನಿಮ್ಮ ಪಕ್ಕದಲ್ಲಿ ಒಬ್ರು ಅದರ ಕಡೆಗೆ ಮಾಮೂಲಿ ನಡಿಗೇಲಿ ಹೋಗ್ತಿದಾರೆ. ಐನ್‌ಸ್ಟೈನ್ ಲೆಕ್ಕದ ಪ್ರಕಾರ ಆಂಡ್ರೊಮಿಡಾದಲ್ಲಿ "ಈಗ" ಏನಾಗ್ತಿದೆ ಅನ್ನೋದಕ್ಕೆ ನಿಮ್ಮಿಬ್ರ ಮಧ್ಯೆ ನಾಲ್ಕು ದಿನದಷ್ಟು ವ್ಯತ್ಯಾಸ. ನಿಮಗೆ ಅಲ್ಲಿ ಇನ್ನೂ ಆಗ್ಬೇಕಿರೋದು ಅವ್ರಿಗೆ ಆಗಿ ಮುಗಿದಿದೆ. ಹಾಗಾದ್ರೆ ಅದು ಮೊದ್ಲೇ ನಿರ್ಧಾರ ಆಗಿದೆ ಅಂತ ತಾನೇ? ಹೀಗೆ ಅವ್ರ ವಾದ.

ನಂಗೆ ಇದು ಒಪ್ಪಿಗೆ ಆಗಲ್ಲ. ನಡೀತಿರೋರಿಗೂ ಆ ಘಟನೆ ಗೊತ್ತಿಲ್ಲ, 25 ಲಕ್ಷ ವರ್ಷ ಗೊತ್ತಾಗೋದೂ ಇಲ್ಲ. ಆ ದೂರದ ಈಗ ಅನ್ನೋದು ಕಾಗದದ ಮೇಲೆ ಎಳೆದ ಗೆರೆ, ಅದಕ್ಕೆ ಜಗತ್ತಲ್ಲಿ ಯಾವ ಕೆಲಸಾನೂ ಇಲ್ಲ. ಕೆಲಸ ಇರೋ ಕ್ರಮ ಬೇರೆ ಇದೆ. ಒಂದು ಘಟನೆಯಿಂದ ಬೆಳಕು ಅಥವಾ ಅದಕ್ಕಿಂತ ನಿಧಾನದ ಏನೇ ಆಗ್ಲಿ ಹೊರಟು ಇನ್ನೊಂದನ್ನ ಮುಟ್ಟೋಕೆ ಸಾಧ್ಯ ಇದ್ರೆ, ಅವೆರಡ್ರಲ್ಲಿ ಯಾವುದು ಮೊದ್ಲು ಅನ್ನೋದು ಯಾವ ವೇಗದಲ್ಲಿ ಯಾರು ನೋಡಿದ್ರೂ ಬದಲಾಗಲ್ಲ. ಅಮ್ಮ ಹುಟ್ಟಿದ್ದು ಮಗು ಹುಟ್ಟೋಕೆ ಮುಂಚೆ, ಇಡೀ ವಿಶ್ವದಲ್ಲಿ ಎಲ್ರಿಗೂ. ಕಾರಣ ಪರಿಣಾಮದ ಈ ಕ್ರಮವನ್ನ ಸಾಪೇಕ್ಷತೆ ಮುಟ್ಟಿಲ್ಲ, ಇನ್ನೂ ಗಟ್ಟಿ ಮಾಡಿದೆ.

ಭ್ರಮೆ ಅನ್ನೋ ಮಾತು ಎಲ್ಲಿಂದ ಬಂತು ಅಂತಾನೂ ನೋಡ್ಬೇಕು. 1955ರ ಮಾರ್ಚಲ್ಲಿ ಐನ್‌ಸ್ಟೈನ್ ಅವರ ಹಳೇ ಗೆಳೆಯ ಬೆಸ್ಸೊ ತೀರ್ಕೊಂಡಾಗ ಆ ಮನೆಯವ್ರಿಗೆ ಬರೆದ ಸಾಂತ್ವನದ ಪತ್ರದ ಮಾತು ಅದು, ಭೂತ ವರ್ತಮಾನ ಭವಿಷ್ಯದ ಭೇದ ಬಿಡದೆ ಅಂಟ್ಕೊಂಡಿರೋ ಭ್ರಮೆ ಅನ್ನೋ ಅರ್ಥದ್ದು. ಅದಾಗಿ ಒಂದು ತಿಂಗಳೊಳಗೆ ಅವ್ರೂ ತೀರ್ಕೊಂಡ್ರು. ದುಃಖದಲ್ಲಿರೋ ಮನೆಗೆ ಬರೆದಿದ್ದನ್ನ ವಿಜ್ಞಾನದ ತೀರ್ಮಾನ ಅಂತ ಹಿಡ್ಕೊಂಡು ಓಡಾಡೋದು ಸರಿಯಲ್ಲ. ಇದೇ ಐನ್‌ಸ್ಟೈನ್‌ಗೆ "ಈಗ" ಅನ್ನೋದರ ಪ್ರಶ್ನೆ ಬಹಳ ಕಾಡ್ತಿತ್ತು, ಮನುಷ್ಯರಿಗೆ ಅದ್ರಲ್ಲಿ ಏನೋ ವಿಶೇಷ ಇದೆ, ಅದು ಭೌತಶಾಸ್ತ್ರದ ಹಿಡಿತಕ್ಕೆ ಸಿಗ್ತಿಲ್ಲ ಅಂತ ಅವ್ರು ತಮ್ಮ ಹತ್ರ ಹೇಳ್ಕೊಂಡಿದ್ರು ಅಂತ ತತ್ವಜ್ಞಾನಿ ಕಾರ್ನಾಪ್ ಬರೆದಿದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದ್ಬೇಕು.

ಬೆಳಕಿನಬೆನ್ನತ್ತಿ

ಇದಕ್ಕೆ ಪೂರ್ತಿ ಒಪ್ಪಲ್ಲ, ಆದ್ರೆ ಕಾರಣ ಪರಿಣಾಮದ ಕ್ರಮ ಉಳಿದಿದೆ ಅನ್ನೋದು ಬಹಳ ಮುಖ್ಯ, ಅದನ್ನ ಬರೆದಿದ್ದು ಒಳ್ಳೇದಾಯ್ತು. ಹಾಸಿಟ್ಟ ವಿಶ್ವ ಅನ್ನೋ ಚಿತ್ರಕ್ಕೆ ಸಾಪೇಕ್ಷತೆ ಚೆನ್ನಾಗಿ ಹೊಂದುತ್ತೆ, ನಂಗೆ ಅದೇ ಸರಳ ಅನ್ಸುತ್ತೆ. ಹೊಂದುತ್ತೆ ಅನ್ನೋದಕ್ಕೂ ಸಾಬೀತಾಗಿದೆ ಅನ್ನೋದಕ್ಕೂ ವ್ಯತ್ಯಾಸ ಇದೆ, ಅಷ್ಟು ಒಪ್ತೀನಿ.

ಕುತೂಹಲಿ

ಇಲ್ಲಿ ನಂಗೊಂದು ಸಿಕ್ಕು. ಎಲ್ರಿಗೂ ಒಂದೇ ಕಾಲ ಇಲ್ಲ ಅಂದ್ರೆ ವಿಶ್ವದ ವಯಸ್ಸು 1380 ಕೋಟಿ ವರ್ಷ ಅಂತ ಹೇಗೆ ಹೇಳ್ತಾರೆ? ಯಾರ ಗಡಿಯಾರದಲ್ಲಿ?

ಬೆಳಕಿನಬೆನ್ನತ್ತಿ

ವಿಶ್ವದ ಸರಾಸರಿ ಹಿಗ್ಗುವಿಕೆ ಜೊತೆಗೇ ತೇಲ್ಕೊಂಡು ಬಂದ ಗಡಿಯಾರದಲ್ಲಿ. ಆದಿಯ ಬೆಳಕಿನ ಉಳಿಕೆ, ಅಂದ್ರೆ ಸೂಕ್ಷ್ಮತರಂಗ ಹಿನ್ನೆಲೆ, ಯಾರಿಗೆ ಎಲ್ಲಾ ದಿಕ್ಕಲ್ಲೂ ಒಂದೇ ಥರ ಕಾಣುತ್ತೋ ಅವ್ರ ಗಡಿಯಾರ. ನಮ್ಮ ಸೌರವ್ಯೂಹ ಅದಕ್ಕೆ ಹೋಲಿಸಿದ್ರೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ. ಶುರುವಿನಿಂದ ಇದೇ ವೇಗದಲ್ಲಿ ಬಂದ ಒಂದು ಗಡಿಯಾರ ಇದ್ದಿದ್ರೆ ಅದು ಸುಮಾರು 10 ಸಾವಿರ ವರ್ಷ ಕಮ್ಮಿ ತೋರಿಸ್ತಿತ್ತು, 1380 ಕೋಟೀಲಿ ಅದು ಲೆಕ್ಕಕ್ಕೇ ಬರಲ್ಲ. ಗಮನಿಸ್ಬೇಕಾದ್ದು ಏನಂದ್ರೆ ಈ ವಿಶ್ವಕಾಲ ಭೌತನಿಯಮದಲ್ಲಿ ಬರೆದಿಟ್ಟಿದ್ದಲ್ಲ, ನಮ್ಮ ವಿಶ್ವದಲ್ಲಿ ದ್ರವ್ಯ ಎಲ್ಲಾ ಕಡೆ ಹೆಚ್ಚುಕಮ್ಮಿ ಸಮ ಹರಡಿರೋದ್ರಿಂದ ಸಿಕ್ಕಿದ ಅನುಕೂಲ. 1949ರಲ್ಲಿ ಗಣಿತಜ್ಞ ಗೋಡೆಲ್ ಐನ್‌ಸ್ಟೈನ್ ಸಮೀಕರಣಗಳಿಗೇ ತಿರುಗೋ ವಿಶ್ವದ ಒಂದು ಉತ್ತರ ಕೊಟ್ರು, ಅದ್ರಲ್ಲಿ ಇಂಥ ವಿಶ್ವಕಾಲ ಎಳೆಯೋಕೇ ಬರಲ್ಲ.

ಬಾಣದಗುರಿ

ಕಾಲ ಯಾಕೆ ಮುಂದಕ್ಕೆ ಮಾತ್ರ ಅಂತ ಕೇಳಿದ್ರಲ್ಲ, ಅದಕ್ಕೆ ಯಾರೂ ಕೈ ಹಾಕಿಲ್ಲ. ಸಾಪೇಕ್ಷತೆ ಇದಕ್ಕೆ ಉತ್ತರ ಕೊಡಲ್ಲ, ಇದು ಬೇರೇನೇ ಕಥೆ.

ನ್ಯೂಟನ್ ನಿಯಮ, ಮ್ಯಾಕ್ಸ್‌ವೆಲ್ ನಿಯಮ, ಸಾಪೇಕ್ಷತೆ, ಯಾವುದನ್ನ ಬೇಕಾದ್ರೂ ಹಿಂದುಮುಂದು ಮಾಡಿ ಓಡಿಸಿ, ನಿಯಮ ಮುರಿಯಲ್ಲ. ಎರಡು ಕಣ ಡಿಕ್ಕಿ ಹೊಡೆಯೋ ಚಿತ್ರವನ್ನ ತಿರುಗಿಸಿ ತೋರಿಸಿದ್ರೆ ಯಾವುದು ಅಸಲು ಅಂತ ಹೇಳೋಕಾಗಲ್ಲ. ಕ್ಷೀಣ ಬಲದಲ್ಲಿ (ಕೆಲವು ಕಣಗಳು ಒಡೆದು ಹೋಗೋಕೆ ಕಾರಣ ಆಗೋ ಬಲ) ಮಾತ್ರ ಒಂದು ಸಣ್ಣ ಅಸಮತೆ ಇದೆ, 1964ರಲ್ಲಿ ಕ್ರೋನಿನ್ ಮತ್ತೆ ಫಿಚ್ ಪ್ರಯೋಗದಲ್ಲಿ ಅದರ ಸುಳಿವು ಸಿಕ್ತು, 2012ರಲ್ಲಿ ಬಾಬರ್ ಅನ್ನೋ ಕಣಭೌತ ಪ್ರಯೋಗದವ್ರು ನೇರವಾಗಿ ಕಂಡ್ರು, ಆದ್ರೆ ನಾವು ದಿನಾ ನೋಡೋ ಹಿಂದುಮುಂದಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದ್ರೆ ಒಂದ್ಸಲ ಹರಡಿದ ಹೊಗೆ ಯಾಕೆ ತಾನಾಗೇ ಒಟ್ಟುಗೂಡಲ್ಲ? ಬೋಲ್ಟ್ಸ್‌ಮನ್ 1877ರಲ್ಲಿ ಹೇಳಿದ್ದು ಎಣಿಕೆಯ ಉತ್ತರ. ಡಬ್ಬಿಯೊಂದರಲ್ಲಿ ಬರೀ 100 ಅಣು ಇದೆ ಅನ್ನಿ. ಪ್ರತಿಯೊಂದೂ ಎಡಕ್ಕೋ ಬಲಕ್ಕೋ ಇರ್ಬೋದು. ಎಲ್ಲಾ 100ನೂ ಎಡಕ್ಕೇ ಇರೋ ಸಾಧ್ಯತೆ 2ರ ಘಾತ 100ರಲ್ಲಿ ಒಂದು, ಅಂದ್ರೆ 1 ಬರೆದು ಮುಂದೆ 30 ಸೊನ್ನೆ ಹಾಕಿದಷ್ಟರಲ್ಲಿ ಒಂದ್ಸಲ. ಸೆಕೆಂಡಿಗೆ ನೂರು ಕೋಟಿ ಸಲ ಅಣುಗಳನ್ನ ಕಲಸಿದ್ರೂ ಒಂದ್ಸಲ ಹಾಗೆ ಸಿಗೋಕೆ ವಿಶ್ವದ ಈಗಿನ ವಯಸ್ಸಿನ 2000 ಪಟ್ಟಿಗಿಂತ ಹೆಚ್ಚು ಕಾಯ್ಬೇಕು. ಅದೂ ಬರೀ 100 ಅಣುಗೆ. ಒಂದು ಲೋಟ ಗಾಳೀಲಿ ಎಷ್ಟಿದೆ ಯೋಚ್ನೆ ಮಾಡಿ. ಎಂಟ್ರೊಪಿ (ಒಂದು ಸ್ಥಿತಿ ಎಷ್ಟು ರೀತೀಲಿ ಆಗ್ಬೋದು ಅನ್ನೋ ಎಣಿಕೆಯ ಅಳತೆ) ಹೆಚ್ಚುತ್ತೆ ಅಂದ್ರೆ ಇದೇ, ಚೆದುರಿದ ಸ್ಥಿತಿಗಳ ಸಂಖ್ಯೆ ಮುಂದೆ ಒಟ್ಟಾಗಿರೋ ಸ್ಥಿತಿಗಳ ಸಂಖ್ಯೆ ಎಷ್ಟೋ ಸಣ್ಣದು.

ಇಲ್ಲಿಗೆ ಮುಗೀತು ಅಂತ ಬಹಳ ಜನ ನಿಲ್ಲಿಸ್ತಾರೆ. ಮುಗೀಲಿಲ್ಲ! ಲೋಶ್ಮಿಟ್ ಆಗ್ಲೇ ಎತ್ತಿದ್ದ ಪ್ರಶ್ನೆ ಏನಂದ್ರೆ ನಿಯಮಗಳು ಎರಡೂ ದಿಕ್ಕಿಗೆ ಸಮ ಅಂದ್ಮೇಲೆ ಇದೇ ಎಣಿಕೆ ಹಿಂದಕ್ಕೂ ಅನ್ವಯ ಆಗ್ಬೇಕು. ಅಂದ್ರೆ ನಾಳೆ ಎಂಟ್ರೊಪಿ ಇವತ್ತಿಗಿಂತ ಜಾಸ್ತಿ ಅಂತ ಹೇಳೋ ಅದೇ ವಾದ ನಿನ್ನೇನೂ ಜಾಸ್ತಿ ಇತ್ತು ಅಂತ ಹೇಳ್ಬೇಕಾಗುತ್ತೆ, ಆದ್ರೆ ನಿನ್ನೆ ಕಮ್ಮಿ ಇತ್ತು, ನಮಗೆಲ್ಲಾ ಗೊತ್ತು. ಇದ್ರಿಂದ ಪಾರಾಗೋಕೆ ಇರೋ ದಾರಿ ವಿಶ್ವ ಶುರುವಾದಾಗಲೇ ಎಂಟ್ರೊಪಿ ವಿಪರೀತ ಕಮ್ಮಿ ಇತ್ತು ಅಂತ ಒಪ್ಪೋದು. ಶುರುವಿನಿಂದ ಸುಮಾರು 3 ಲಕ್ಷ 80 ಸಾವಿರ ವರ್ಷದ ಹೊತ್ತಿನ ಬೆಳಕನ್ನ ನೋಡಿದ್ರೆ ದ್ರವ್ಯ ಲಕ್ಷದಲ್ಲಿ ಒಂದು ಭಾಗದಷ್ಟು ಏರುಪೇರು ಮಾತ್ರ ಇಟ್ಕೊಂಡು ಸಮವಾಗಿ ಹರಡಿತ್ತು. ಗುರುತ್ವ ಇರೋ ಕಡೆ ಸಮವಾಗಿ ಹರಡಿರೋದೇ ಅಪರೂಪದ ಸ್ಥಿತಿ, ಗುಂಪುಗೂಡೋದು ಸಹಜ. ಆ ಅಪರೂಪದಿಂದ ಇಳೀತಾ ಬಂದಿರೋದೇ ನಕ್ಷತ್ರ, ಗ್ರಹ, ನಮ್ಮ ನೆನಪು ಎಲ್ಲಾ. ನಮಗೆ ನಿನ್ನೆ ನೆನಪಿರುತ್ತೆ ನಾಳೆ ನೆನಪಿರಲ್ಲ ಅನ್ನೋದಕ್ಕೂ ಮೂಲ ಅಲ್ಲೇ.

ಯಾಕೆ ಹಾಗೆ ಶುರುವಾಯ್ತು ಅನ್ನೋದಕ್ಕೆ ಎಲ್ರೂ ಒಪ್ಪೋ ಉತ್ತರ ಇವತ್ತಿಗೂ ಇಲ್ಲ. ನನ್ನ ಪ್ರಕಾರ ಕಾಲದ ಬಗ್ಗೆ ಉಳಿದಿರೋ ಅತಿ ದೊಡ್ಡ ಪ್ರಶ್ನೆ ಇದೇ, ಅವಳಿಗಳ ಲೆಕ್ಕ ಎಲ್ಲಾ ನೂರು ವರ್ಷದ ಹಿಂದೇನೇ ಇತ್ಯರ್ಥ ಆಗಿದೆ.

ಸಂದೇಹಿ

ಅವಳಿ ಲೆಕ್ಕ ಕಾಗದದ ಮ್ಯಾಲೆ ಹಾಕಿ ನೋಡಿದೆ, ಮಿಂಚು ಎಣಿಸಿದ್ರ 6 ಮತ್ತ 10 ಸರಿಯಾಗಿ ಬರ್ತಾವು. ಕ್ವಾಂಟಮ್‌ನ್ಯಾಗ ಕಾಲ ಅನ್ನೋದೇ ಮಾಯ ಆಗ್ತದ ಅಂತಾರಲ್ಲ, ಅದರ ಬಗ್ಗೆನೂ ಯಾರಾದ್ರೂ ಬರೀರಿ.

ಬಾಣದಗುರಿ

ಚಿಕ್ಕದಾಗಿ ಹೇಳ್ತೀನಿ. ಕ್ವಾಂಟಮ್ ಯಂತ್ರಶಾಸ್ತ್ರದಲ್ಲಿ ಕಾಲ ಹೊರಗಿನಿಂದ ಕೊಟ್ಟ ಅಂಕಿ, ನ್ಯೂಟನ್ ಥರಾನೇ. ಸಾಪೇಕ್ಷತೇಲಿ ಕಾಲ ಗುರುತ್ವದ ಜೊತೆ ಬಾಗೋ ವಸ್ತು. ಎರಡನ್ನ ಜೋಡ್ಸೋಕೆ ಹೋದಾಗ 1967ರಲ್ಲಿ ಪ್ರಕಟವಾದ ವೀಲರ್ ಡಿವಿಟ್ ಸಮೀಕರಣದಲ್ಲಿ ಕಾಲದ ಗುರುತೇ ಇಲ್ಲ, ಇಡೀ ವಿಶ್ವದ ಸ್ಥಿತಿ ಬದಲಾಗ್ದೆ ನಿಂತಿದೆ. ಮಾಯ ಆಗುತ್ತೆ ಅಂತ ಹೇಳೋರು ಹೇಳೋದು ಇದನ್ನ. 1983ರಲ್ಲಿ ಪೇಜ್ ಮತ್ತೆ ವೂಟರ್ಸ್ ಒಂದು ದಾರಿ ತೋರಿಸಿದ್ರು, ಒಟ್ಟು ವಿಶ್ವ ನಿಂತಿದ್ರೂ ಅದರ ಒಂದು ಭಾಗವನ್ನ ಗಡಿಯಾರ ಅಂತ ತಗೊಂಡ್ರೆ ಉಳಿದ ಭಾಗ ಅದಕ್ಕೆ ಹೋಲಿಸಿ ಬದಲಾಗುತ್ತೆ ಅಂತ. ಸುಂದರ ವಿಚಾರ, ಆದ್ರೆ ಕ್ವಾಂಟಮ್ ಗುರುತ್ವಕ್ಕೆ ಪ್ರಯೋಗದ ಆಧಾರ ಸಿಗೋ ತನಕ ಇದನ್ನ ತೀರ್ಮಾನ ಅಂತ ಹೇಳೋಕಾಗಲ್ಲ. ಗಡಿಯಾರ ಹಿಡಿದು ಅಳೆದ 38 ಮೈಕ್ರೋಸೆಕೆಂಡಿಗೂ ಇದಕ್ಕೂ ಒಂದೇ ತೂಕ ಕೊಡ್ಬೇಡಿ.

ಕುತೂಹಲಿ

ಎಲ್ರಿಗೂ ಬಹಳ ಧನ್ಯವಾದ. ನಂಗೆ ಅರ್ಥ ಆಗಿದ್ದು ಇದು, ನನ್ನ ಗಡಿಯಾರ ತೋರ್ಸೋ ಕಾಲಕ್ಕೆ ಏನೂ ಆಗಿಲ್ಲ, ಅದು ನಿಜವಾದದ್ದೇ, ಇಲ್ಲದೇ ಹೋಗಿದ್ದು ಎಲ್ಲಾ ಗಡಿಯಾರಕ್ಕೂ ಯಜಮಾನ ಆಗಿದ್ದ ಆ ಒಂದೇ ಕಾಲ. ಸರಿನಾ? ಹಾಗಿದ್ರೆ ಇಡೀ ಜಗತ್ತಿಗೆ ಒಂದೇ ಸಮಯ ಅಂತ ನಾವು ಬಳಸ್ತಿರೋದು ಏನು? ಎತ್ತರಕ್ಕೊಂದು ಕಾಲ ಅಂದ್ಮೇಲೆ ಯಾವ ಎತ್ತರದ್ದು?

ಸೀಸಿಯಂ133

ಸರಿ ಇದೆ. ಜಗತ್ತಿನ ಸಮಯ ಅನ್ನೋದು ಕೂತು ಲೆಕ್ಕ ಹಾಕಿ ಕಟ್ಟಿದ್ದು. 80ಕ್ಕೂ ಹೆಚ್ಚು ಸಂಸ್ಥೆಗಳಲ್ಲಿರೋ 400ಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಅಂಕಿಗಳನ್ನ ಪ್ಯಾರಿಸ್ ಹತ್ರ ಇರೋ ಅಂತರರಾಷ್ಟ್ರೀಯ ತೂಕ ಅಳತೆ ಕಚೇರಿಯವ್ರು ತರಿಸ್ಕೊಂಡು, ಚೆನ್ನಾಗಿ ನಡೆಯೋದಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೀತಾರೆ. ಯಾವ ಗಡಿಯಾರ ಎಷ್ಟು ಹಿಂದೆ ಮುಂದೆ ಇತ್ತು ಅಂತ ತಿಂಗಳಿಗೊಮ್ಮೆ ಪ್ರಕಟ ಮಾಡ್ತಾರೆ, ಅಂದ್ರೆ ಕರಾರುವಾಕ್ಕಾದ ಸಮಯ ಎಷ್ಟಿತ್ತು ಅಂತ ಗೊತ್ತಾಗೋದು ಆ ಹೊತ್ತು ಕಳೆದ ಮೇಲೆ. ಎತ್ತರದ ಪ್ರಶ್ನೆಗೆ ಉತ್ತರ ಸಮುದ್ರ ಮಟ್ಟ, 1977ರಿಂದ ಪ್ರತಿ ಗಡಿಯಾರದ ದರವನ್ನೂ ಅಲ್ಲಿಗೆ ಇಳಿಸಿ ಲೆಕ್ಕಕ್ಕೆ ತಗೋತಾರೆ. ಅಮೆರಿಕದ ಬೋಲ್ಡರ್ ಲ್ಯಾಬ್ ಸುಮಾರು 1,650 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಡಿಯಾರ ಸಮುದ್ರ ಮಟ್ಟದ್ದಕ್ಕಿಂತ ವರ್ಷಕ್ಕೆ 5 ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಮುಂದೆ ಓಡುತ್ತೆ, ಅದನ್ನ ಕಳೀತಾರೆ.

ಮುಂದಿನ ಕೆಲಸ ಚಂದ್ರಂದು. ಅಲ್ಲಿ ಇಟ್ಟ ಗಡಿಯಾರ ಭೂಮಿಯದ್ದಕ್ಕಿಂತ ದಿನಕ್ಕೆ ಸುಮಾರು 56 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತೆ, ಇಳಿಯೋ ನೌಕೆಗಳಿಗೆ ದಾರಿ ತೋರ್ಸೋಕೆ ಅಷ್ಟು ವ್ಯತ್ಯಾಸ ತುಂಬಾ ಜಾಸ್ತಿ, ಹಾಗಾಗಿ ಚಂದ್ರನಿಗೇ ಬೇರೆ ಪ್ರಮಾಣ ಸಮಯ ಮಾಡೋ ಕೆಲಸ 2024ರಿಂದ ನಾಸಾಗೆ ವಹಿಸಿದಾರೆ. ಅದ್ರಲ್ಲೂ ಚಂದ್ರನ ಯಾವ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕ್ಬೇಕು ಅಂತ ತೀರ್ಮಾನ ಮಾಡ್ಬೇಕು, ಅಲ್ಲಿ ಸಮುದ್ರ ಇಲ್ವಲ್ಲ.